ಬಾನೆಟ್ಟಿನ ಬಲಗಡೆ ನನ್ನದು

ಕಾಕಾ ತಮ್ಮ ಕರಿ ಕಾರನ್ನು ದಿನಾ ಬೆಳಿಗ್ಗೆ ಹಳೆಯ ಧೋತರದ ತುಂಡಿನಿಂದ ಒರೆಸುತ್ತಿದ್ದರು. ಒಣ ಬಟ್ಟೆ, ನೀರು ಇಲ್ಲವೇ ಇಲ್ಲ. ಇಳಕಲ್ಲಿನಲ್ಲಿ, ಅದೂ ಕಲ್ಲು ಕೊಯ್ಯುವ ಕಾರ್ಖಾನೆಯ ಅಂಗಳದಲ್ಲಿ ನಿಂತ ಕಾರಿನ ಮೇಲೆ ಏನಿರುತ್ತದೆ ಹೇಳಿ? ಗ್ರಾನೈಟಿನ ಧೂಳು. ಕಣ್ಣಿಗೆ ಹಿಟ್ಟಿನಂತೆ ಕಂಡರೂ ಅದು ಕಲ್ಲೇ. ಕಲ್ಲನ್ನು ಬಟ್ಟೆಯಲ್ಲಿ ಹಿಡಿದು ಕಾರಿನ ಮೈಗೆಲ್ಲ ತಿಕ್ಕುವುದಕ್ಕೆ ಕಾಕಾ ‘ಗಾಡಿ ಸ್ವಚ್ಛ ಮಾಡೂದು’ ಎನ್ನುತ್ತಿದ್ದರು. ಬಿಸಿಲಿನಲ್ಲಿ ನೋಡಿದರೆ ಬಣ್ಣದ ತುಂಬ ಜೇಡರ ಬಲೆಯಂಥ ಗೆರೆಗಳು. ಅದನ್ನು ನೋಡಿದಾಗಲೆಲ್ಲ ನನ್ನ ತಲೆ ಕೆಡುತ್ತಿತ್ತು.

ನನಗೆ ಈ ಕೆಲಸವನ್ನು ಯಾರೂ ಕಲಿಸಿಲ್ಲ. ಫೋನಿನಲ್ಲಿ ನೋಡಿದೆ, ಗುಜರಿಯಿಂದ ಒಂದು ಕಾರಿನ ಬಾಗಿಲು ತಂದು ಹಿತ್ತಲಲ್ಲಿ ಆನಿಸಿಟ್ಟು ಅದರ ಮೇಲೆ ತಿಕ್ಕಿ ತಿಕ್ಕಿ ಕಲಿತೆ. ಯಾವುದು ಬಣ್ಣ ತಿನ್ನುತ್ತದೆ, ಯಾವುದು ಬರೀ ಮುಚ್ಚುತ್ತದೆ ಅಂತ ಆ ಬಾಗಿಲೇ ನನಗೆ ಹೇಳಿಕೊಟ್ಟಿತು. ನನ್ನ ಕೈಯ ಮೇಲೆ ನಂಬಿಕೆ ಬಂದಾಗ ನನಗೆ ಬೇಕಾದದ್ದು ಒಂದೇ, ಒಂದು ಜಾಗ. ಹುನಗುಂದದ ರಸ್ತೆಗೆ ಮುಖ ಮಾಡಿದ ಕಾಕಾನ ಕಾರ್ಖಾನೆಯ ಮುಂದೆ ತಗಡಿನ ಒಂದು ಶೆಡ್ಡು ಖಾಲಿ ಬಿದ್ದಿತ್ತು. ನೆರಳಿದೆ, ನಲ್ಲಿಯಿದೆ, ಹೋಗಿಬರುವ ಗಾಡಿಗಳಿಗೆ ಕಾಣುತ್ತದೆ. ಕೇಳಿದೆ.

ಕಾಕಾ ನಕ್ಕರು. ಕಾರ್ಖಾನೆಯ ಆಳುಗಳ ಮುಂದೆಯೇ ನಕ್ಕರು.

“ಗಾಡಿ ತೊಳ್ಯಾಕ ಶೆಡ್ಡ ಬೇಕಂತ ಇವಂಗ! ಹೊಳಿಗೆ ಒಯ್ದು ಎಮ್ಮಿ ಜೋಡಿ ನಿಂದರಸಲೇ, ಎರಡೂ ಕೂಡೇ ತೊಳೀತಾವ.”

“ಕಾಕಾ, ತೊಳಿಯೂದಲ್ರಿ ಇದು. ಬಣ್ಣ ಸುದ್ದ ಮಾಡೂದು.”

“ಬಣ್ಣ ಸುದ್ದ ಮಾಡೂದು ನನಗ ಹೇಳಾಕ ಬಂದಿಯೇನು? ಕಲ್ಲಿನ್ಯಾಗ ಮಾರಿ ಕಾಣೂವಂಗ ಹೊಳಸಾಂವಲೇ ನಾ.”

ಆಮೇಲೆ ಏನೋ ಲೆಕ್ಕ ಹಾಕಿದವರಂತೆ ಒಂದು ಮಾತು ಕೊಟ್ಟರು. ಮಗನಿಗೆ ಹೆಣ್ಣು ನೋಡಲು ಬರುವ ಸೋಮವಾರ ಬಾದಾಮಿಗೆ ಹೋಗುವುದಿತ್ತು. ಅಷ್ಟರೊಳಗೆ ಕಾರು ಅವರ ಕಲ್ಲಿನಂತೆ ಹೊಳೆಯಬೇಕು. ಹೊಳೆದರೆ ಶೆಡ್ಡು ನನಗೆ, ಇಲ್ಲದಿದ್ದರೆ ಅದರಲ್ಲಿ ಒಡೆದ ಚಪ್ಪಡಿ ತುಂಬಿಸುತ್ತಾರೆ. ನಾನು ಒಪ್ಪಿದೆ. ಒಪ್ಪುವಾಗಲೇ ಗೊತ್ತಿತ್ತು, ಈ ಮನುಷ್ಯ ನನ್ನ ಕೈಗೆ ಕಾರು ಕೊಟ್ಟು ಸುಮ್ಮನೆ ಕೂರುವವರಲ್ಲ ಅಂತ.

ಮೊದಲ ಜಗಳ ಕಾರಿನ ಒಳಗಿನದು. ಕಾಕಿ ಅಮಾವಾಸ್ಯೆಗೊಮ್ಮೆ ಕಾರಿಗೆ ಪೂಜೆ ಮಾಡುವ ಮುಂಚೆ ಡ್ಯಾಶ್‌ಬೋರ್ಡಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಎಣ್ಣೆಗೆ ಧೂಳು ಹತ್ತಿ, ಅದರ ಮೇಲೆ ಮತ್ತೆ ಎಣ್ಣೆ ಬಿದ್ದು, ಗಾಳಿ ಬರುವ ಸಂದಿಗಳಲ್ಲಿ ಹಿಂಡಿಯಂತೆ ಕೂತಿತ್ತು. ಅದನ್ನು ಮೃದುವಾದ ಬ್ರಷ್ಷಿನಿಂದ, ಸೌಮ್ಯವಾದ ಕ್ಲೀನರ್ ಹಾಕಿ ತೆಗೆದೆ. ಮೇಲೆ ನೀರಿನಂಶದ, ಹೊಳಪಿಲ್ಲದ ಲೇಪವನ್ನು ತೆಳ್ಳಗೆ ಕೊಟ್ಟೆ. ಹೊಳೆಯುವ ಎಣ್ಣೆಯಂಥದ್ದು ಬೇಕಂತಲೇ ಬಿಟ್ಟೆ. ಅದು ಬಿಸಿಲಿಗೆ ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ ಕಣ್ಣಿಗೆ ಹೊಡೆಯುತ್ತದೆ, ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಕೆಲಸ ಮುಗಿದಾಗ ಡ್ಯಾಶ್‌ಬೋರ್ಡು ಮಂಕಾದ ಕಪ್ಪಾಗಿ, ಕಾರು ಹೊಸದಾಗಿ ತಯಾರಾಗಿ ಬಂದ ದಿನದಂತೆ ಇತ್ತು.

ಕಾಕಾ ಬಾಗಿಲು ತೆಗೆದು ನೋಡಿದರು. “ಹೊಳಪ ಎಲ್ಲೋತಲೇ?”

“ಹೊಸಾದಿದ್ದಾಗ ಹಿಂಗ ಇರ್ತೈತ್ರಿ.”

“ಹೊಸಾದು ಹಿಂಗ ಇರಂಗಿಲ್ಲ.”

“ನೀವು ಹೊಸಾದ ತೊಗೊಂಡಿದ್ರ ಗೊತ್ತಾಗತಿತ್ರಿ.”

ಕಾರು ಸೆಕೆಂಡ್ ಹ್ಯಾಂಡು. ಆಳುಗಳು ಬೇರೆ ಕಡೆ ಮುಖ ತಿರುಗಿಸಿಕೊಂಡು ನಕ್ಕರು. ಆ ಮಾತನ್ನು ಕಾಕಾ ಮರೆಯಲಿಲ್ಲ. ಮರೆಯಲಿ ಅಂತ ನಾನೂ ಆಡಿರಲಿಲ್ಲ.

ಮಾರನೆಯ ದಿನ ಹೊರಮೈಗೆ ಕೈ ಹಾಕಿದೆ. ಮೊದಲು ಧಾರಾಳ ನೀರು, ಆಮೇಲೆ ಕಾರಿಗೆಂದೇ ಮಾಡಿದ ಶಾಂಪೂ. ಪಾತ್ರೆ ತಿಕ್ಕುವ ಸೋಪು ಸಾಕು ಅಂತ ಕಾಕಾ ಬಟ್ಟಲಲ್ಲಿ ಕಲಸಿ ತಂದಿದ್ದರು, ಅವರ ಕಣ್ಣೆದುರೇ ಮೋರಿಗೆ ಸುರಿದೆ. ತೊಳೆದ ಮೇಲೆ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಾನೆಟ್ಟಿನ ಮೇಲೆ ಆಡಿಸಿದೆ. ಬರಿಗೈಗೆ ನುಣುಪು ಅನಿಸುವ ಬಣ್ಣ ಚೀಲದೊಳಗಿಂದ ಉಪ್ಪಿನ ಕಾಗದದಂತೆ ಚುಚ್ಚುತ್ತದೆ. ಬಣ್ಣದೊಳಗೆ ಕಚ್ಚಿಕೊಂಡ ಕಲ್ಲಿನ ಕಣಗಳು ಅವು. ಅವನ್ನು ಎತ್ತಲು ಮಣ್ಣಿನ ಉಂಡೆಯಂಥ ಒಂದು ವಸ್ತು ಬರುತ್ತದೆ, ಶಾಂಪೂ ನೀರು ಚಿಮುಕಿಸಿ ಹಗುರಾಗಿ ಜಾರಿಸಬೇಕು. ಬಾನೆಟ್ಟಿನ ಬಲಗಡೆ ಅದನ್ನು ಜಾರಿಸಿ ತಿರುಗಿಸಿ ನೋಡಿದರೆ ಉಂಡೆಯ ಹೊಟ್ಟೆ ನಸುಗೆಂಪು. ನಮ್ಮೂರಿನ ಕಲ್ಲಿನದೇ ಬಣ್ಣ.

ಆಮೇಲೆ ಬಾನೆಟ್ಟಿನ ನಟ್ಟನಡುವೆ ಅಂಟುಪಟ್ಟಿ ಹಚ್ಚಿದೆ. ಯಾವ ಪಾಲಿಶ್ ಎಷ್ಟು ಕೆಲಸ ಮಾಡುತ್ತದೆ ಅಂತ ತಿಳಿಯಲು ಅರ್ಧ ಮಾಡಿ ಅರ್ಧ ಬಿಡಬೇಕು. ಆನ್‌ಲೈನಿನಲ್ಲಿ ತರಿಸಿದ ನನ್ನ ಸಣ್ಣ ಯಂತ್ರಕ್ಕೆ ಸ್ಪಂಜು ಹಾಕಿ ಬಲಗಡೆ ನಿಧಾನವಾಗಿ ಓಡಿಸಿದೆ. ಗೆರೆಗಳು ಹೋದವು. ನಿಜ ಹೇಳುತ್ತೇನೆ, ನನ್ನ ಮೈ ಜುಮ್ಮೆಂದಿತು. ಕರಿ ಬಣ್ಣದೊಳಗೆ ತಗಡಿನ ಶೆಡ್ಡು, ಎದುರಿನ ಬೇವಿನ ಮರ, ನನ್ನ ಮೋರೆ, ಎಲ್ಲ ಕಾಣುತ್ತಿತ್ತು. ಆದರೂ ಓರೆಯಾಗಿ ನೋಡಿದರೆ ತೆಳ್ಳಗಿನ ಮಂಜು ಉಳಿದಿತ್ತು. ಅದಕ್ಕೆ ಇನ್ನೂ ಸಣ್ಣ ಕಣದ ಪಾಲಿಶ್ ಬೇಕು. ಅದು ಇಳಕಲ್ಲಿನಲ್ಲಿ ಸಿಗಲಿಲ್ಲ.

“ಬಾಗಲಕೋಟಿಗೆ ಹೋಗಿ ತರ್ತೇನ್ರಿ. ನಾ ಬರೂತನಕ ಯಾರೂ ಮುಟ್ಟಬ್ಯಾಡ್ರಿ,” ಅಂದೆ.

ಕಾಕಾ ಬಾನೆಟ್ಟು ನೋಡುತ್ತಿದ್ದರು. “ಅರ್ಧ ತಲಿ ಬೋಳಿಸಿ ಹಜಾಮ ಊರಿಗೆ ಹೋದಂಗಾತಲೇ ಇದು.”

“ಬಂದು ಉಳದದ್ದೂ ಮಾಡ್ತೇನ್ರಿ.”

“ಹೋಗಪಾ, ಹೋಗು.” ಇಷ್ಟು ಮೆತ್ತಗೆ ಅವರು ಯಾವತ್ತೂ ಮಾತಾಡಿದ್ದಿಲ್ಲ. ಅಲ್ಲೇ ಅನುಮಾನ ಬರಬೇಕಿತ್ತು.

ಬಾಗಲಕೋಟೆಯ ನವನಗರದ ಅಂಗಡಿಯವನೂ ಅದೇ ಗೋತ್ರದವನು. ಸಣ್ಣ ಕಣದ ಪಾಲಿಶ್ ಕೇಳಿದರೆ ಎಣ್ಣೆಯಂಥ ಹೊಳಪಿನ ಬಾಟಲಿ ಮುಂದಿಟ್ಟ.

“ಇದನ್ನ ಒಯ್ರಿ. ಗೆರಿ ಬರಿ ಎಲ್ಲಾ ಮುಚ್ಚತೈತಿ.”

“ಮುಚ್ಚೂದು ಬ್ಯಾಡ್ರಿ. ತಗಿಯೂದು ಬೇಕು.”

“ತಗದ ಏನ್ಮಾಡ್ತೀರಿ? ಗಿರಾಕಿ ನೋಡೂದು ಹೊಳಪು. ಎಂಟ ದಿನಕ್ಕ ಮತ್ತ ಗೆರಿ ಕಂಡ್ರ ಮತ್ತ ಬರ್ತಾನ. ನಿಮಗೂ ಧಂದೆ, ನಮಗೂ ಧಂದೆ.”

“ಹಿಂದ ಆ ಕಪಾಟಿನ್ಯಾಗ ಐತಲ್ರಿ, ಅದನ್ನ ಕೊಡ್ರಿ.”

“ಅದು ತಿಳದಾವ್ರು ಒಯ್ಯೂದರೀ.”

“ಅದಕ್ಕ ಕೇಳಾಕತ್ತೇನಿ.”

ಧೂಳು ಹಿಡಿದ ಬಾಟಲಿಯನ್ನು ತೆಗೆದು, ಒರೆಸದೆ, ಕೌಂಟರಿನ ಮೇಲೆ ಕುಕ್ಕಿದ. ಅದನ್ನು ಎದೆಗೊತ್ತಿಕೊಂಡು ಬಸ್ಸು ಹತ್ತಿದೆ. ಇಡೀ ದಾರಿ ಅದರ ಬೆನ್ನಿನ ಮೇಲಿದ್ದದ್ದನ್ನು ಓದುತ್ತ, ಶೆಡ್ಡಿನಲ್ಲಿ ಬಾಟಲಿಗಳನ್ನು ಯಾವ ಗೋಡೆಗೆ ಜೋಡಿಸಲಿ ಅಂತ ಯೋಚಿಸುತ್ತ ಬಂದೆ.

ಇಳಿದು ಕಾರ್ಖಾನೆಯ ಹತ್ತಿರ ಬರುತ್ತಿದ್ದಂತೆ ಯಂತ್ರದ ಕೂಗು ಕೇಳಿಸಿತು. ಅದು ನನ್ನ ಯಂತ್ರದ ದನಿಯಲ್ಲ. ಚಪ್ಪಡಿಯ ಅಂಚಿಗೆ ಹೊಳಪು ಕೊಡುವ ಕೈಯಂತ್ರವನ್ನು ಕಾಕಾ ಬಾನೆಟ್ಟಿನ ಎಡಗಡೆಗೆ ಒತ್ತಿ ಹಿಡಿದಿದ್ದರು. ಪಕ್ಕದಲ್ಲಿ ಕಲ್ಲಿಗೆ ಕೊನೆಯಲ್ಲಿ ಹಾಕುವ ಬಿಳಿ ಪುಡಿ, ಬೋಗುಣಿಯಲ್ಲಿ ನೀರು. ಕಲ್ಲು ತಡೆಯುವ ವೇಗ ಅದು. ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರವೋ ಕಾಗದಕ್ಕಿಂತ ತೆಳು.

“ನಿಂದರಸ್ರಿ!” ಅಂತ ಕಿರುಚಿದೆ.

ನಿಲ್ಲಿಸಿದರು. ಪುಡಿ ಒರೆಸಿದರು. ಎಡಗಡೆ ಪೂರ್ತಿ ಹಾಲು ಚೆಲ್ಲಿದಂತೆ ಬೆಳ್ಳಗೆ ಮಂಕಾಗಿತ್ತು. ಬಾನೆಟ್ಟಿನ ಉಬ್ಬಿದ ಏಣಿನ ಮೇಲೆ ಕರಿ ಬಣ್ಣವೇ ಹೋಗಿ, ಕೆಳಗಿನ ಬೂದು ಬಣ್ಣ ಉದ್ದಕ್ಕೆ ಹಲ್ಲು ಕಿಸಿದಿತ್ತು.

ಕಾಕಾನೇ ಮೊದಲು ಬಾಯಿ ಬಿಟ್ಟರು. “ನೀ ಹಚ್ಚಿದ ಔಷಧಕ್ಕ ಬಣ್ಣ ಮೆತ್ತಗಾಗೇತಿ.”

“ಈ ಕಡೆ ನಾ ತೊಳದದ್ದ ಬಿಟ್ರ ಏನೂ ಹಚ್ಚಿಲ್ರಿ.”

“ತೊಳದದ್ದಕ್ಕ ಆಗೇತಿ. ಕಲ್ಲ ಹೊಳೀತೈತಿ, ಇದ್ಯಾಕ ಹೊಳಿಯಂಗಿಲ್ಲ?”

“ಇದು ಕಲ್ಲಲ್ರಿ ಕಾಕಾ! ಬಣ್ಣ! ನಿಮ್ಮ ತಲಿಗೆ ಇಟ್ಟಿದ್ರ ಹೊಳೀತಿತ್ತು!”

ಆ ಮಾತು ಬಾಯಿಂದ ಬಿತ್ತು. ವಾಪಸು ತೆಗೆದುಕೊಳ್ಳಬೇಕು ಅಂತ ನನಗೆ ಇವತ್ತಿಗೂ ಅನಿಸಿಲ್ಲ.

ಕಾಕಾನ ದನಿ ಇಳಿಯಿತು. “ಆತು. ಈಗ ಏನರ ಹಚ್ಚಿ ಮುಚ್ಚು. ಸೋಮವಾರ ಒಂದಿನ ಹೊಳದ್ರ ಸಾಕು. ಶೆಡ್ಡ ನಿಂದ.”

ಆ ಅಂಗಡಿಯವನ ಎಣ್ಣೆ ಬಾಟಲಿ ನೆನಪಾಯಿತು. ಹಚ್ಚಿದ್ದರೆ ಮಂಕು ಒಂದು ದಿನ ಮುಚ್ಚುತ್ತಿತ್ತು. ಏಣಿನ ಮೇಲೆ ಕರಿ ಬಣ್ಣದ ಪೆನ್ನು ಎಳೆದರೆ ದೂರದಿಂದ ಗೊತ್ತಾಗುತ್ತಿರಲಿಲ್ಲ. ಶೆಡ್ಡಿನ ಕಡೆ ನೋಡಿದೆ. ಆಮೇಲೆ ಬಾನೆಟ್ಟಿನ ಬಲಗಡೆ ನೋಡಿದೆ. ಮುಚ್ಚಿದರೆ ಎರಡೂ ಕಡೆ ಒಂದೇ ಥರ ಹೊಳೆಯುತ್ತಿತ್ತು, ನನ್ನ ಕೆಲಸಕ್ಕೂ ಅವರ ಕೆಲಸಕ್ಕೂ ಫರಕೇ ಇರುತ್ತಿರಲಿಲ್ಲ. ಅದನ್ನು ನೆನೆದೇ ನನಗೆ ಮೈ ಉರಿಯಿತು.

“ಮಂಕ ತಗೀತೇನ್ರಿ. ಏಣಿನ ಮ್ಯಾಲ ಹೊಸಾ ಬಣ್ಣನ ಹೊಡಸಬೇಕು. ಮುಚ್ಚೂ ಕೆಲಸ ನಾ ಮಾಡಂಗಿಲ್ಲ.”

“ಹಂಗಾರ ಶೆಡ್ಡಿಲ್ಲ.”

“ಬ್ಯಾಡ್ರಿ.”

ಸೋಮವಾರ ಕಾಕಾ ಬಾನೆಟ್ಟಿನ ಎಡಗಡೆಗೆ ತಾವೇ ಕೊಬ್ಬರಿ ಎಣ್ಣೆ ಸವರಿ ಬಾದಾಮಿಗೆ ಹೋದರು. ಕಾಕಿ ಡ್ಯಾಶ್‌ಬೋರ್ಡಿಗೂ ಸವರಿದ್ದರು. ಜೊತೆಗೆ ಹೋಗಿದ್ದ ನಮ್ಮವ್ವ ಬಂದು ಹೇಳಿದಳು: ದಾರಿಯುದ್ದಕ್ಕೂ ಕಾಕಾ ಗಾಜಿನಲ್ಲಿ ಹೊಡೆಯುವ ಎಣ್ಣೆಯ ಹೊಳಪಿಗೆ ಕಣ್ಣು ಕಿರಿದು ಮಾಡಿಕೊಂಡೇ ಓಡಿಸಿದರಂತೆ. ಬಾದಾಮಿ ಮುಟ್ಟುವಷ್ಟರಲ್ಲಿ ಎಣ್ಣೆ ಹಚ್ಚಿದ ಅರ್ಧಕ್ಕೆ ಧೂಳು ಅಂಟಿ ಕಂಬಳಿ ಹೊದ್ದಂತಾಗಿತ್ತಂತೆ. ಹುಡುಗಿಯ ಅಪ್ಪ ಕಾರಿನ ಸುತ್ತ ಒಂದು ಸುತ್ತು ಬಂದು ಕೇಳಿದರಂತೆ, “ಆಕ್ಸಿಡೆಂಟ್ ಏನರ ಆಗಿತ್ತೇನ್ರಿ?”

“ಅದಕ್ಕ ಕಾಕಾ ಏನಂದ್ರು?” ನಾನು ಅವ್ವನನ್ನು ಕೇಳಿದೆ.

ಅವ್ವ ಸೀರೆಯ ನೆರಿಗೆ ನೋಡಿಕೊಂಡಳು. “ನಮ್ಮ ಅಣ್ಣನ ಮಗ ಮಾಡ್ಯಾನ್ರಿ, ಹೊಸದಾಗಿ ಕಲ್ಯಾಕತ್ತಾನ, ಅಂದ್ರು.”

ಸಂಬಂಧ ಕೂಡಿತು. ಆ ಮನೆಯವರ ಲೆಕ್ಕದಲ್ಲಿ ಆ ಕಾರನ್ನು ಕೆಡಿಸಿದವನು ನಾನು. ಶೆಡ್ಡಿನಲ್ಲಿ ಒಡೆದ ಚಪ್ಪಡಿಗಳು ಬಿದ್ದವು.

ನಾನು ಎದುರಿನ ಬೇವಿನ ಮರದ ಕೆಳಗೆ ಕೂತೆ. ಬಕೆಟ್ಟು, ಶಾಂಪೂ, ಮಣ್ಣಿನ ಉಂಡೆ, ಯಂತ್ರ. ಕರೆಂಟಿಗೆ ಪಕ್ಕದ ಪಂಕ್ಚರ್ ಅಂಗಡಿಯವರು ತಂತಿ ಬಿಟ್ಟರು. ಬಂದವರೆಲ್ಲ ಕೇಳುವುದು ಒಂದೇ, “ಹ್ಯಾಂಗ ಆಗತೈತಿ, ತೋರಸು.” ನಾನು ರಸ್ತೆಯ ಆಚೆ ಕೈ ಮಾಡುತ್ತಿದ್ದೆ. “ಅಲ್ಲಿ ಕರಿ ಗಾಡಿ ನಿಂತೈತಲ್ರಿ? ಬಾನೆಟ್ಟಿನ ಬಲಗಡೆ ನಂದು, ಎಡಗಡೆ ನಮ್ಮ ಕಾಕಾಂದು. ಹೋಗಿ ನೋಡಿ ಬರ್ರಿ.” ನೋಡಿ ಬಂದವರು ಚಾವಿ ನನ್ನ ಕೈಗೆ ಕೊಡುತ್ತಿದ್ದರು. ಕಾಕಾನಿಗೆ ಇದು ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಅಂಗಳದಲ್ಲಿ ನಿಂತು ನನ್ನ ಕಡೆ ನೋಡುತ್ತಿದ್ದರು. ನಾನು ಇನ್ನೂ ಜೋರಾಗಿ ಹೇಳುತ್ತಿದ್ದೆ.

ಈಗ ಅವರು ಕಾರಿನ ಮೇಲೆ ಲಾರಿಯ ತಾಡಪತ್ರಿ ಹೊದಿಸಿ ಹಗ್ಗ ಬಿಗಿಯುತ್ತಾರೆ. ಕಲ್ಲಿನ ಧೂಳು ಅದರ ಒಳಗೂ ಇದೆ, ಹೊರಗೂ ಇದೆ. ಗಾಳಿ ಬಂದಾಗಲೆಲ್ಲ ತಾಡಪತ್ರಿ ಅಲ್ಲಾಡಿ ಬಾನೆಟ್ಟಿಗೆ ತಿಕ್ಕುತ್ತದೆ. ಇಲ್ಲಿಗೂ ಕೇಳಿಸುತ್ತದೆ. ಮಳೆಗಾಲದೊಳಗೆ ಬಲಗಡೆಯೂ ಎಡಗಡೆಯಂತಾಗುತ್ತದೆ. ಒಳಮೈ ಮೆತ್ತಗಿರುವ ಕಾರಿನ ಹೊದಿಕೆ ಬರುತ್ತದೆ, ಯಾವುದು ಒಳ್ಳೆಯದು, ಎಲ್ಲಿ ಸಿಗುತ್ತದೆ ಅಂತ ನನಗೆ ಗೊತ್ತಿದೆ. ಕಾಕಾ ಬಂದು ಕೇಳಲಿ.