ಅಪ್ಪ ಹೇಳಿದ ಸಾಕ್ಷಿ

ಕಳೆದ ಭಾನುವಾರ ಬೆಳಿಗ್ಗೆ ಕೊಪ್ಪಳದ ನಮ್ಮ ಮನೆಯ ಅಡುಗೆಕಟ್ಟೆಯ ಮೂಲೆಯಲ್ಲಿ ಮರೆತುಹೋಗಿದ್ದ ಒಂದು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದೆ. ಮಗಳ ಕೆಮ್ಮಿಗೆಂದು ಒಣದ್ರಾಕ್ಷಿ ನೆನೆಹಾಕಿದ್ದೆವು. ಬೇಸಿಗೆಯ ಕಾವಿಗೆ ನೀರು ಹುಳಿಬಂದು ಮೇಲೆ ಸಣ್ಣಗೆ ನೊರೆ ಕಟ್ಟಿತ್ತು. ಆದರೆ ನನ್ನ ಮೂಗಿಗೆ ಬಂದದ್ದು ದ್ರಾಕ್ಷಿಯ ವಾಸನೆಯಲ್ಲ, ತೀರಿಹೋದ ನನ್ನ ಅಪ್ಪನ ಬಾಯಿಯ ವಾಸನೆ. ಸಿಹಿ ಸತ್ತು ಹುಳಿ ಎದ್ದ, ಗಂಟಲಿನ ಹಿಂಬದಿಗೆ ಹೋಗಿ ಅಂಟಿಕೊಳ್ಳುವ ಆ ವಾಸನೆಗೆ ನಾನು ಬಾಲ್ಯದಿಂದಲೂ ಇಟ್ಟುಕೊಂಡ ಹೆಸರು ಕುಡಿತ. ಇಷ್ಟು ವಯಸ್ಸಾದ ಮೇಲೂ ಡಬ್ಬಿ ಹಿಡಿದ ಕೈ ಅಲ್ಲೇ ಇದ್ದು ಮುಖ ಮಾತ್ರ ತಾನಾಗಿಯೇ ಪಕ್ಕಕ್ಕೆ ಹೊರಳಿತು. ಹುಡುಗನಾಗಿದ್ದಾಗಲೂ ಹೀಗೆಯೇ ಹೊರಳುತ್ತಿತ್ತು.

ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ ಇತ್ತು. ಈಗ ಅಲ್ಲಿ ಗಿರಣಿಯ ಗೋದಾಮು ನಿಂತಿದೆ. ನಮ್ಮ ಹೊಸ್ತಿಲು ಯಾವ ಕಡೆಗಿತ್ತೆಂದು ತೋರಿಸಲು ಒಂದು ಬೇವಿನ ಗಿಡವೂ ಉಳಿದಿಲ್ಲ. ಭತ್ತ ಕುದಿಸಿದ ಬಿಸಿ ವಾಸನೆ ಸದಾ ನಮ್ಮ ಬಟ್ಟೆಗಳಲ್ಲಿರುತ್ತಿತ್ತು, ಗಾಳಿ ತಿರುಗಿದರೆ ತೌಡಿನ ಧೂಳು ಹಾಸಿಗೆಯ ಮೇಲೂ ಕೂರುತ್ತಿತ್ತು. ಅಪ್ಪ ಅದೇ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಅವನ ಹೆಸರು ದಾನಪ್ಪ. ಎಡದಂಡೆ ಕಾಲುವೆಯಲ್ಲಿ ಮುಳುಗಿ ದೀಕ್ಷಾಸ್ನಾನ ಮಾಡಿಸಿಕೊಂಡು ಎದ್ದಾಗ ಪಾಸ್ಟರ್ ಅವನಿಗೆ ದಾನಿಯೇಲಪ್ಪ ಎಂದು ಹೆಸರಿಟ್ಟರು. ಓಣಿಯವರಿಗೆ ಮಾತ್ರ ಅವನು ಕೊನೆಯವರೆಗೂ ದಾನಪ್ಪನೇ. ಭಾನುವಾರ ನಮ್ಮ ಪಡಸಾಲೆಯೇ ಸಭೆಯ ಮನೆ. ಚಾಪೆ ಹಾಸಿ, ದಮ್ಮಡಿ ಬಡಿದು ಹಾಡಿ, ಕೊನೆಗೆ ಕ್ರಿಸ್ತನ ದೇಹ, ರಕ್ತವೆಂದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನ. ಹೆಂಡ ನಿಷಿದ್ಧವಾದ ಆ ಸಭೆಯಲ್ಲಿ ದ್ರಾಕ್ಷಾರಸಕ್ಕೆ ಅವ್ವನದೇ ಒಂದು ದಾರಿಯಿತ್ತು. ಶುಕ್ರವಾರವೇ ಒಣದ್ರಾಕ್ಷಿ ಆರಿಸಿ, ತೊಳೆದು, ಮಣ್ಣಿನ ಹರವಿಯಲ್ಲಿ ನೆನೆಹಾಕುತ್ತಿದ್ದಳು. ಭಾನುವಾರ ಬೆಳಿಗ್ಗೆ ಕಿವುಚಿ, ತನ್ನ ಹಳೆಯ ಬಿಳಿ ಸೀರೆಯ ತುಂಡಿನಲ್ಲಿ ಸೋಸುತ್ತಿದ್ದಳು. ಆ ಅರಿವೆಯ ಕಂದು ಕಲೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ರಕ್ತದ ಕಲೆ ಹೀಗೇ ಇರುತ್ತದೆಂದು ನಾನು ಬಹಳ ದಿನ ನಂಬಿದ್ದೆ.

ಹಾಡು ಮುಗಿದ ಮೇಲೆ, ಪಾಸ್ಟರರ ಪ್ರಸಂಗಕ್ಕೆ ಮೊದಲು, ಸಾಕ್ಷಿ. ನಿಮ್ಮಲ್ಲಿ ಹಲವರಿಗೆ ಈ ಮಾತು ಕೋರ್ಟಿನದು. ನಮ್ಮ ಪಡಸಾಲೆಯಲ್ಲಿ ಅದರ ಅರ್ಥ ಬೇರೆ. ಮನುಷ್ಯರೆಲ್ಲ ಪಾಪಿಗಳು, ಯಾವ ಪುಣ್ಯಕಾರ್ಯವೂ ಆ ಕಲೆಯನ್ನು ತೊಳೆಯಲಾರದು, ನಮ್ಮ ಬದಲಿಗೆ ಒಬ್ಬಾತ ಶಿಲುಬೆಯ ಮೇಲೆ ಸತ್ತ, ಅದನ್ನು ನಂಬಿದವನು ಎರಡನೆಯ ಸಲ ಹುಟ್ಟುತ್ತಾನೆ. ಹುಟ್ಟಿದವನು ತಾನು ಮೊದಲು ಏನಾಗಿದ್ದೆ ಎಂಬುದನ್ನು ನಾಲ್ಕು ಮಂದಿಯ ಮುಂದೆ ನಿಂತು ಹೇಳಬೇಕು. ಯಲಬುರ್ಗಾದಿಂದ ಬಸ್ಸಿಗೆ ಬರುತ್ತಿದ್ದ ಯೋಹಾನಪ್ಪನೆಂಬವನು ಹಿಂದೆ ಕಳ್ಳನಾಗಿದ್ದವನು. ಅವನು ಸಾಕ್ಷಿಗೆ ನಿಂತರೆ ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಕದ್ದ ಎತ್ತುಗಳು ಒಂದೊಂದು ವರ್ಷಕ್ಕೂ ಒಂದೊಂದು ಜೋಡಿ ಹೆಚ್ಚುತ್ತಿದ್ದವು. ಅವನ ನಂತರ ಅಪ್ಪ ಕೈಕಟ್ಟಿ ಏಳುತ್ತಿದ್ದ. "ನಾ ಕುಡುಕ ಇದ್ದೆರಿ. ಹೊತ್ತು ಮುಳುಗೂದ್ರಾಗ ಶೇಂದಿ ಅಂಗಡ್ಯಾಗ ಇರ್ತಿದ್ದೆ. ಮನಿಗಿ ಬಂದು ನೀರಿನ ಕೊಡ ಒಡದೆ, ಹೇಂತಿನ್ನ ಹೊಡದೆ. ಇಂಥಾ ನಾಯಿನ್ನ ಕರ್ತ ಎತ್ತಿಕೊಂಡ್ರಿ." ಎಲ್ಲರೂ "ಸ್ತೋತ್ರ!" ಎನ್ನುತ್ತಿದ್ದರು. ಹೆಂಗಸರು ಅವ್ವನ ಕಡೆ ನೋಡುತ್ತಿದ್ದರು. ಅವ್ವ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಚಾಪೆಯ ಅಂಚಿನ ಕಡ್ಡಿ ಕೀಳುತ್ತಿದ್ದಳು. ನಮ್ಮ ಚಾಪೆಗಳೆಲ್ಲ ಅವಳು ಕೂರುವ ಜಾಗದಲ್ಲೇ ಸವೆದಿರುತ್ತಿದ್ದವು.

ಪಡಸಾಲೆಯೊಳಗೇ ಆಗಿದ್ದರೆ ಹೇಗೋ ನುಂಗಬಹುದಿತ್ತು. ಒಂದು ಬೇಸಿಗೆಯಲ್ಲಿ ಕಾಲುವೆಯ ಸೇತುವೆಯ ಹತ್ತಿರ ಬಯಲು ಕೂಟ ಮಾಡಿ ಲೌಡ್‌ಸ್ಪೀಕರ್ ಕಟ್ಟಿದರು. ಅಪ್ಪನ ಶೇಂದಿ, ಒಡೆದ ಕೊಡ, ಅವ್ವ ತಿಂದ ಪೆಟ್ಟು, ಎಲ್ಲವೂ ಊರಿನ ಮೇಲೆ ಹಾದುಹೋದವು. ಮರುದಿನ ಶಾಲೆಯಲ್ಲಿ ನನ್ನ ಬೆಂಚಿನ ಹುಡುಗ ರಾಜಾಸಾಬ, "ಏ ತಮ್ಮಾ, ಮಂದಿ ಮನಿ ಮಾತು ಮುಚ್ಚಿಡ್ತಾರ. ನಿಮ್ಮಪ್ಪ ಮೈಕ್ ಹಚ್ಚಿ ಹೇಳ್ತಾನಲ್ಲಲೇ!" ಎಂದ. ಅವನು ಕೆಟ್ಟವನಲ್ಲ, ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ನಾನು ನಕ್ಕೆ. ಆ ನಗು ಮುಖದ ಮೇಲೆ ಒಣಗಿ ಬಿಗಿದುಕೊಂಡದ್ದು ಈಗಲೂ ನೆನಪಿದೆ.

ನೆನಪಿದೆ ಎಂದು ಬರೆಯಲು ನನಗೆ ಧೈರ್ಯ ಸಾಲದು. ಧಾರವಾಡದಲ್ಲಿ ಇತಿಹಾಸ ಓದಿದವನು ನಾನು. ಆಧಾರವೇನು ಎಂದು ವಿದ್ಯಾರ್ಥಿಗಳನ್ನು ಕೇಳುವುದೇ ನನ್ನ ಉದ್ಯೋಗ. ಅಪ್ಪ ಕುಡಿದು ಬಂದ ಆ ಸಂಜೆಯನ್ನು ನಾನು ಕಣ್ಣಾರೆ ಕಂಡಂತೆ ಹಾಸ್ಟೆಲಿನ ಗೆಳೆಯರಿಗೆ ಹೇಳಿದ್ದೇನೆ, ಮದುವೆಗೆ ಮುಂಚೆ ಹೆಂಡತಿಗೆ ಹೇಳಿದ್ದೇನೆ. ಬಾಗಿಲ ಹಿಂದೆ ಅವ್ವ, ಎತ್ತಿದ ಕೈ, ಚೂರುಚೂರಾದ ಕೊಡ. ಆದರೆ ಅಪ್ಪ ಕುಡಿತ ಬಿಟ್ಟೆನೆಂದು ಕಾಲುವೆಯಲ್ಲಿ ಮುಳುಗಿ ಎದ್ದದ್ದು ನಾನಿನ್ನೂ ಅಂಬೆಗಾಲಿಡುತ್ತಿದ್ದಾಗ. ಇನ್ನೊಂದು ತೊಡಕೂ ಇದೆ. ನನ್ನ ನೆನಪಿನ ಕೊಡ ಹಿತ್ತಾಳೆಯದು, ಹೊಳೆಯುತ್ತದೆ. ಹಿತ್ತಾಳೆಯ ಕೊಡ ಹೇಗೆ ಚೂರಾಗುತ್ತದೆ? ಅಪ್ಪನ ಸಾಕ್ಷಿಯನ್ನೇ ನಾನು ಕಣ್ಣಿನೊಳಗೆ ಹಾಕಿಕೊಂಡಿರಬೇಕು. ಎಲ್ಲವನ್ನೂ ಕಳೆದ ಮೇಲೆ ನನ್ನದೇ ಎನ್ನಬಹುದಾದ ಆಧಾರ ಒಂದೇ ಉಳಿದಿತ್ತು, ಆ ವಾಸನೆ. ಭಾನುವಾರ ಸಂಜೆ ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಲು ಬಗ್ಗುತ್ತಿದ್ದ. ಅವನ ಬಾಯಿಂದ ಹುಳಿ ವಾಸನೆ ಬರುತ್ತಿತ್ತು. ಬಿಟ್ಟೆ ಎಂದು ಮೈಕಿನಲ್ಲಿ ಹೇಳುವವನು ಕದ್ದು ಕುಡಿಯುತ್ತಾನೆ! ನಾನು ಮುಖ ತಿರುಗಿಸುತ್ತಿದ್ದೆ. ಅವನ ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತು, ಆಮೇಲೆ ನನ್ನ ಭುಜದ ಮೇಲೆ ಇಳಿಯುತ್ತಿತ್ತು. ಯಾಕೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ದೇವರ ಮೇಲಿನ ನಂಬಿಕೆ ಧಾರವಾಡದಲ್ಲಿ ಹೋಯಿತೆಂದು ಜನ ತಿಳಿದಿದ್ದಾರೆ. ಅದು ಹೋದದ್ದು ಆ ಬಾಯಿಯ ಎದುರಿನಲ್ಲಿ.

ಅವ್ವ ಈಗ ನಮ್ಮೊಂದಿಗೇ ಇದ್ದಾಳೆ. ಆ ಭಾನುವಾರ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ಡಬ್ಬಿಯನ್ನು ಬಚ್ಚಲಿಗೆ ಒಯ್ಯುತ್ತಿದ್ದವನು ಅವಳ ಮುಂದೆ ಹಿಡಿದು, "ಮೂಸಿ ನೋಡು ಬೇ. ಅಪ್ಪ ಕುಡದು ಬಂದಂಗ ಐತಿ" ಎಂದೆ. ಅವಳು ಮೂಸಿದಳು. ನಕ್ಕಳು.

"ಇದ ಅಲ್ಲೇನೋ ಮತ್ತ ಅಂವ ಕುಡೀತಿದ್ದದ್ದು. ಪ್ರಭುವಿನ ಮೇಜಿಂದು ಚೆಲ್ಲಬಾರದಂತ, ಉಳಿದದ್ದೆಲ್ಲಾ ಸಂಜಿಕ ತಾನ ಕುಡೀತಿದ್ದ. ಬ್ಯಾಸಿಗ್ಯಾಗ ಹುಳಿ ಬಂದಿರ್ತಿತ್ತು. ಮುಖ ಹಿಂಡಿಕೊಂಡು ಕುಡೀತಿದ್ದ ಪಾಪ."

"ಶೇಂದಿ?"

"ಶೇಂದಿ ಕುಡದದ್ದು ಒಂದ ಸಲ, ಅವರಣ್ಣನ ಮದುವ್ಯಾಗ. ವಾಂತಿ ಮಾಡಿಕೊಂಡು ಬಣವಿ ಸಂದ್ಯಾಗ ಬಿದ್ದಿದ್ದ."

"ಮತ್ತ ನಿನ್ನ ಹೊಡದದ್ದು?"

ಅವ್ವ ಸೊಪ್ಪಿನಿಂದ ಕೈ ತೆಗೆಯಲಿಲ್ಲ. "ಕೈ ಎತ್ತಿದ್ದ. ಹೊಡೀಲಿಲ್ಲ. ನಾ ಹಿಂದ ಸರದಾಗ ಕೊಡ ಬಿತ್ತು, ಒಡೀತು. ಮನಸಿನ್ಯಾಗ ಹೊಡದ್ರೂ ಹೊಡದಂಗ ಅಂತಿದ್ದ ಅಂವ. ನಾನೂ ಕೇಳೇನಿ, ಇಷ್ಟ್ಯಾಕ ದೊಡ್ಡದು ಮಾಡಿ ಹೇಳ್ತಿ, ನನಗ ನಾಚಿಕಿ ಬರ್ತೈತಿ ಅಂತ. ಅದಕ್ಕ ಏನಂದ ಗೊತ್ತೈತೇನು? 'ನನ್ನ ಸಲುವಾಗಿ ಒಬ್ಬಾತ ಜೀವಾನ ಕೊಟ್ಟಾನ. ಅಂದ ಮ್ಯಾಲ ನನ್ನ ಪಾಪ ಸಣ್ಣದು ಇರಾಕ ಹ್ಯಾಂಗ ಸಾಧ್ಯ?' ಅಂದ."

"ನೀನರ ಕೂಟದಾಗ ಹೇಳಬೇಕಿತ್ತು, ಹೊಡದಿಲ್ಲಂತ."

"ಹೇಳಿದ್ರ ಅವನ ಸಾಕ್ಷಿ ಸುಳ್ಳಾಗ್ತಿತ್ತಲ್ಲೋ" ಎಂದಳು ಅವ್ವ. ಬಿಡಿಸಿದ ಕಡ್ಡಿಗಳನ್ನು ಒತ್ತಟ್ಟಿಗೆ ಸರಿಸಿ, "ಹೊಡಿಸಿಕೊಂಡಾಕಿ ಅನಿಸಿಕೊಂಡು ಕೂತೆ. ಏನಾತು, ನಡೀತು" ಎಂದಳು.

ಅವಳ ಮಾತನ್ನೂ ನಾನು ತೂಗಿ ನೋಡದೆ ಬಿಡಲಿಲ್ಲ. ಸತ್ತ ಗಂಡನನ್ನು ಹೆಂಡತಿ ತೊಳೆದು ಬಿಳುಪು ಮಾಡುವುದುಂಟು. ಗಂಗಾವತಿಯ ಮಣ್ಣಿನಲ್ಲಿ ಅಪ್ಪನನ್ನು ಇಳಿಸಿದ ದಿನ ಸಭೆಯವರು ಕುಣಿಯ ಪಕ್ಕ ನಿಂತು ಅದೇ ಶೇಂದಿ, ಅದೇ ಕೊಡವನ್ನು ಮತ್ತೊಮ್ಮೆ ಹೇಳಿ ಸ್ತೋತ್ರ ಎಂದಿದ್ದರು. ಅಷ್ಟು ಮಂದಿಯ ಎದುರು ಇವಳೊಬ್ಬಳ ಮಾತು. ಆದರೆ ಡಬ್ಬಿ ನನ್ನ ಕೈಯಲ್ಲಿತ್ತು. ವಾಸನೆಗೆ ಯಾರ ಪಕ್ಷವೂ ಇರಲಿಲ್ಲ. ತನ್ನನ್ನು ಇದ್ದದ್ದಕ್ಕಿಂತ ಕೀಳು ಮಾಡಿಕೊಂಡು ಊರಿಗೆಲ್ಲ ಸಾರಿದ ಒಬ್ಬ ಮೆತ್ತನೆಯ ಮನುಷ್ಯನ ಮಗನಾಗಿದ್ದೆ ನಾನು, ಕುಡುಕನ ಮಗನೆಂದು ನಾಚಿಕೊಂಡು ಬೆಳೆದಿದ್ದೆ. ಈಗ ಆ ಹಳೆಯ ನಾಚಿಕೆಗೆ ನಿಲ್ಲಲು ನೆಲವಿಲ್ಲ. ಆದರೂ ಅದು ಹೋಗಲಿಲ್ಲ, ನನ್ನ ಕಡೆಗೆ ಹೊರಳಿ ಕೂತಿತು. ಮೈಕಿನಲ್ಲಿ ಅಷ್ಟೆಲ್ಲ ಹೇಳಿದವನು ಮನೆಯಲ್ಲಿ, ನನ್ನ ತಿರುಗಿದ ಮುಖದ ಮುಂದೆ, ಇದು ದ್ರಾಕ್ಷಿ ನೀರಪಾ ಎಂಬ ಒಂದು ಮಾತು ಹೇಳಲಿಲ್ಲ. ಅವನಿಗೆ ಗೊತ್ತೇ ಆಗಿರಲಿಲ್ಲವೋ, ಇಲ್ಲವೇ ತನ್ನನ್ನು ಸಮರ್ಥಿಸಿಕೊಳ್ಳುವುದು ತನ್ನ ಕೆಲಸವಲ್ಲ ಎಂದುಕೊಂಡನೋ, ತಿಳಿಯುವ ದಾರಿ ಈಗ ಇಲ್ಲ.

ಬಚ್ಚಲಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಆಮೇಲೆ ಡಬ್ಬಿಯ ನೀರನ್ನು ಕುಡಿದೆ. ನಂಬಿಕೆಯಿಂದಲ್ಲ, ಚೆಲ್ಲಲು ಕೈ ಬರಲಿಲ್ಲ, ಅಷ್ಟೇ. ಮುಖ ಹಿಂಡಿತು. ಅಷ್ಟರಲ್ಲಿ ಮಗಳು ಓಡಿ ಬಂದು, ಏನನ್ನೋ ಕಿವಿಯಲ್ಲಿ ಹೇಳಬೇಕೆಂದು ನನ್ನ ಕುತ್ತಿಗೆ ಹಿಡಿದು ಬಗ್ಗಿಸಿದಳು. "ಛೀ, ಪಪ್ಪಾ, ವಾಸನಿ!" ಎಂದು ಮುಖ ತಿರುಗಿಸಿದಳು. ಅವಳ ತಲೆಯ ಕಡೆಗೆ ಹೋಗಿದ್ದ ನನ್ನ ಕೈ ಅಲ್ಲೇ ನಿಂತಿತು. ಇದು ದ್ರಾಕ್ಷಿ ನೀರು ಎಂದು ಹೇಳಲು ಬಾಯಿ ತೆರೆದೆ. ಏನೂ ಹೇಳದೆ ಕೈಯನ್ನು ಅವಳ ಭುಜದ ಮೇಲೆ ಇಳಿಸಿದೆ.