ಸೊಸೆಗೆಂದೇ ಬಿತ್ತಿದ ಪುಂಡಿ

ಪುಂಡಿಪಲ್ಲೆ ನನಗೆ ಮೊದಲಿನಿಂದಲೂ ಸೇರದು. ಆ ಹುಳಿ ಸೊಪ್ಪು ಜೋಳದ ನುಚ್ಚಿನ ಜೊತೆ ಕುದಿಯುವ ವಾಸನೆ ಬಂದರೆ ಸಾಕು, ಊಟವೇ ಬೇಡವಾಗುತ್ತದೆ. ಮೂಡಲಗಿಯ ತವರಿನಲ್ಲಿ ಅದನ್ನು ಮಾಡಿದ ದಿನ ಅವ್ವ ನನಗಾಗಿ ಶೇಂಗಾ ಚಟ್ನಿ, ಗಟ್ಟಿ ಮೊಸರು ಬೇರೆ ತೆಗೆದಿಡುತ್ತಿದ್ದಳು. ಹಾಗೆ ಮುದ್ದಿನಲ್ಲಿ ಬೆಳೆದವಳನ್ನು ಹತ್ತರಗಿ ಹತ್ತಿರದ ಹಳ್ಳಿಯ ಮನೆಗೆ ಕೊಟ್ಟರು.

ಆ ಮನೆಯಲ್ಲಿ ಊಟವೆಂದರೆ ಪ್ರಸಾದ. ತಟ್ಟೆಯಲ್ಲಿ ಒಂದು ಅಗುಳೂ ಬಿಡುವಂತಿಲ್ಲ. ಉಂಡ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿಯಬೇಕು. ಮೊದಲ ದಿನವೇ ಅತ್ತೆ ಒಂದು ಸೌಟು ಪುಂಡಿಪಲ್ಲೆ ಬಡಿಸಿದರು. ಹೊಸ ಸೊಸೆ ಬೇಡವೆನ್ನುವುದು ಹೇಗೆ? ಮೊದಲು ಅದನ್ನು ಮುಗಿಸಿಬಿಟ್ಟರೆ ಆಮೇಲೆ ನೆಮ್ಮದಿಯಾಗಿ ಉಣ್ಣಬಹುದೆಂದು ಗಬಗಬ ನುಂಗಿದೆ. ಬಲು ಬುದ್ಧಿವಂತೆ ನಾನು!

"ಅಯ್ಯ ನಮ್ಮವ್ವ, ಪುಂಡಿಪಲ್ಲೆ ಅಂದ್ರ ಜೀವಾ ಬಿಡತಾಳ ನೋಡ್ರಿ ನಮ್ಮ ಸೊಸಿ!" ಎಂದು ಮಾವನಿಗೆ ಹೇಳಿ ಅತ್ತೆ ಇನ್ನೊಂದು ಸೌಟು ಹಾಕಿದರು. ಅದನ್ನೂ ತಿಂದೆ.

ಅಂದೇ ಬಾಯಿ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಮುಂದಿನ ವಾರ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಅತ್ತೆ ಕಬ್ಬಿನ ಹೊಲದ ಬದುವಿನಲ್ಲಿ ನನಗೆಂದೇ ಪುಂಡಿ ಬೀಜ ಹಾಕಿದ್ದರು. ಜ್ವರ ಬಂದರೆ ಪುಂಡಿಪಲ್ಲೆ, ಬಸುರಿಯಾದರೆ ಪುಂಡಿಪಲ್ಲೆ, ಗಂಡನ ನೌಕರಿಗೆಂದು ಗೋಕಾಕದಲ್ಲಿ ಮನೆ ಮಾಡಿದ ಮೇಲೆ ಬಸ್ಸಿನಲ್ಲಿ ಡಬ್ಬಿ. ಗಂಡನಿಗೆ ಎಲ್ಲ ಗೊತ್ತಿತ್ತು. "ಈಗ ಹೇಳಿದ್ರ ಅವ್ವ ಎದಿ ಒಡಕೋತಾಳ, ಬಿಡು" ಎನ್ನುತ್ತಾ ತಾವು ಮಾತ್ರ ಮೊಸರನ್ನ ಕಲಸಿಕೊಳ್ಳುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು. ಆದರೆ ಇಷ್ಟು ಪ್ರೀತಿಯಿಂದ ಬಡಿಸುವವರ ಜೊತೆ ಜಗಳವಾಡುವುದು ನನಗೆ ಬರಲಿಲ್ಲ.

ಹನ್ನೊಂದು ವರ್ಷ ಹಾಗೆಯೇ ಉಂಡೆ. ಒಂದನ್ನು ಮಾತ್ರ ಗಟ್ಟಿ ಮಾಡಿಕೊಂಡಿದ್ದೆ, ನನ್ನ ಮಗಳಿಗೆ ಈ ಗತಿ ಬರಬಾರದು. ಗೋಕಾಕದ ಮನೆಯಲ್ಲಿ ಅವಳು ಬೇಡವೆಂದದ್ದು ಅವಳ ತಟ್ಟೆಗೆ ಬೀಳುತ್ತಿರಲಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ, ನಾನು ತಡೆಯುವಷ್ಟರಲ್ಲಿ ಎಂಟು ವರ್ಷದ ಮಗಳ ತಟ್ಟೆಗೆ ಅತ್ತೆ ಪುಂಡಿಪಲ್ಲೆ ಹಾಕಿಬಿಟ್ಟರು. ಅವಳು ಒಂದು ತುತ್ತು ಬಾಯಿಗಿಟ್ಟು, ಮುಖ ಕಿವುಚಿ, ಕೈ ಕಟ್ಟಿಕೊಂಡು ಕುಳಿತಳು. ಉಳಿದವರೆಲ್ಲ ಉಂಡು, ತಟ್ಟೆ ತೊಳೆದು ಕುಡಿದು ಎದ್ದರು. ಅವಳು ಏಳುವಂತಿಲ್ಲ. ಅವಳನ್ನು ಬಿಟ್ಟು ನಾನೂ ಏಳುವಂತಿಲ್ಲ.

"ಪ್ರಸಾದ ಬಿಡಬಾರದವಾ. ನಿಮ್ಮವ್ವನ್ನ ನೋಡು, ಎಷ್ಟ್ ಪ್ರೀತಿಲೆ ಉಣತಾಳ" ಎಂದರು ಅತ್ತೆ.

ಮಗಳು ನನ್ನ ಕಡೆ ತಿರುಗಿದಳು. "ಅವ್ವಾ, ನಿನಗ ಖರೇನ ಸೇರತೈತೇನ?"

ಇಲ್ಲವೆನ್ನಲು ಬಾಯಿ ತೆರೆದೆ. ಅತ್ತೆಯ ಉಗುರುಗಳಲ್ಲಿ ಸೊಪ್ಪು ಬಿಡಿಸಿದ ಹಸಿರು ಇನ್ನೂ ಹಾಗೆಯೇ ಇತ್ತು. ಅವರು ನನ್ನನ್ನೇ ನೋಡಿ ನಗುತ್ತಿದ್ದರು.

"ಹೂಂ, ಭಾಳ ಸೇರತೈತಿ" ಎಂದೆ.

ಮಗಳು ನನ್ನ ಮುಖ ನೋಡಿದಳು, ನಗುತ್ತಿದ್ದ ಅತ್ತೆಯ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ, ತುತ್ತಿನ ಮೇಲೆ ತುತ್ತು ನುಂಗಿ ತಟ್ಟೆ ಖಾಲಿ ಮಾಡಿದಳು. ಅತ್ತೆ ಹಿಗ್ಗಿಹೋದರು. "ಇನ್ನೊಂದೀಟ ಹಾಕ್ಲೇನ ಕೂಸ?"

"ಹಾಕ ಆಯಿ, ಭಾಳ ಚಲೋ ಆಗೈತಿ" ಎಂದಳು ನನ್ನ ಮಗಳು, ಕಣ್ಣಲ್ಲಿ ನೀರು ತುಂಬಿಕೊಂಡು.