ಬ್ರೇಕಿಗೆ ಹಚ್ಚಿದ ಕೀಲೆಣ್ಣೆ

ನಾನು ಚಿಕ್ಕವಳಿದ್ದಾಗ ಸಿಂಧನೂರಿನ ನಮ್ಮ ಅಂಗಳದಲ್ಲಿ ಒಂದು ಹಳೆಯ ಜೀಪು ನಿಂತಿರುತ್ತಿತ್ತು. ಅದು ಹಸಿರು ಬಣ್ಣದ್ದೆಂದು ನನ್ನ ನೆನಪು. ಅಕ್ಕ ಈಗಲೂ ಬೂದು ಎನ್ನುತ್ತಾಳೆ. ಬಣ್ಣದ ವಿಷಯದಲ್ಲಿ ನನ್ನನ್ನು ನಂಬಬೇಡಿ. ಒಂದು ಬೆಳಿಗ್ಗೆ ಆ ಜೀಪಿಗೆ ನಾನು ಮಾಡಿದ್ದನ್ನು ಮಾತ್ರ ನಂಬಿ.

ಅಂದು ಹತ್ತೂವರೆಗೆ ಲಿಂಗಸುಗೂರಿನಲ್ಲಿ ಅಕ್ಕನಿಗೆ ಟೀಚರ್ ಕೆಲಸದ ಸಂದರ್ಶನ. ನನ್ನನ್ನೂ ಕರೆದೊಯ್ಯುತ್ತೇನೆಂದು ಅಪ್ಪ ಹೇಳಿದ್ದರಿಂದ ಬೆಳಗಾಗುವ ಮೊದಲೇ ಹೊಸ ಲಂಗ ತೊಟ್ಟು ಕುಣಿಯುತ್ತಿದ್ದೆ. ಹಿಂದಿನ ದಿನ ಗೊರೇಬಾಳದಿಂದ ಬರುವಾಗ ಬ್ರೇಕು ಕಿರ್ರೆಂದು ಚೀರಿತ್ತು. ಅದಕ್ಕೇ ಅಪ್ಪ ಮುಂದಿನ ಗಾಲಿ ಬಿಚ್ಚಿ, ಡ್ರಮ್ ತೆಗೆದು, ಗಾಲಿಯನ್ನು ಹಿಡಿದು ನಿಲ್ಲಿಸುವ ಲೈನರ್ ಎಷ್ಟು ಸವೆದಿದೆಯೆಂದು ಉಗುರಿಟ್ಟು ನೋಡಿದರು. ಸುಟ್ಟ ರಬ್ಬರಿನಂಥ ವಾಸನೆ ಮೂಗಿಗೆ ಹೊಡೆಯಿತು.

"ಇನ್ನೂ ದಪ್ಪ ಐತಿ. ಧೂಳು ಕುಂತು ಚೀರಾಕತ್ತೈತಿ" ಎಂದು ಒರೆಸಿ, ಚಹಾ ಕುಡಿಯಲು ಒಳಗೆ ಹೋದರು.

ನಮ್ಮ ಓಣಿಯಲ್ಲಿ ಎತ್ತಿನ ಬಂಡಿಯ ಗಾಲಿ ಚೀರಿದರೆ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ನಾನೂ ಕೀಲೆಣ್ಣೆಯ ಡಬ್ಬಿಯಿಂದ ಎರಡು ಬೆರಳ ತುಂಬ ತೆಗೆದು ಲೈನರಿಗೆ ಚೆನ್ನಾಗಿ ಸವರಿದೆ. ಅದು ಮೊದಲೇ ಕಪ್ಪಗಿತ್ತು. ಅವಸರದಲ್ಲಿದ್ದ ಅಪ್ಪ ನೋಡದೆ ಗಾಲಿ ಕೂರಿಸಿಬಿಟ್ಟರು. ಹೊರಡುವ ಹೊತ್ತಿಗೆ ನನಗೆ ಹೆಮ್ಮೆ ತಡೆಯಲಾಗಲಿಲ್ಲ.

"ಯಪ್ಪಾ, ಇನ್ನ ಚೀರೂದಿಲ್ಲ. ನಾ ಕೀಲೆಣ್ಣಿ ಹಚ್ಚೀನಿ!"

ಜೀಪಿಗೆ ಕಾಲಿಟ್ಟಿದ್ದ ಅಪ್ಪ ಕೆಳಗಿಳಿದರು. "ಯವ್ವಾ, ಇದು ಬಂಡಿ ಅಲ್ಲಬೇ! ಬ್ರೇಕ್ ಜಾರಿದ್ರ ಸೀದಾ ಕಾಲುವ್ಯಾಗ ಹೋಗಿ ಬೀಳ್ತೀವಿ!"

"ಹತ್ತೂವರಿಗೆ ನಾ ಅಲ್ಲಿರಬೇಕು. ಈಕೀನ್ನ ಎತ್ತಿನ ಕೂಡ ಕಟ್ಟಿಹಾಕಿ ನಡಿ" ಎಂದಳು ಅಕ್ಕ.

ಅಪ್ಪ ಬೈದದ್ದು, ನಕ್ಕದ್ದು ಎರಡೂ ನೆನಪಿದೆ. ಯಾವುದು ಮೊದಲೋ ತಿಳಿಯದು. ಮತ್ತೆ ಗಾಲಿ ಬಿಚ್ಚಿದರು. ಸಾಮಾನಿನ ಪೆಟ್ಟಿಗೆಯಲ್ಲಿ ಒಂದು ಜೊತೆ ಹೊಸ ಲೈನರ್ ಇತ್ತು. ಅಕ್ಕ ಇಸ್ತ್ರಿ ಸೀರೆಯ ಸೆರಗು ಸಿಕ್ಕಿಸಿ ಸ್ಪ್ರಿಂಗ್ ಎಳೆದು ಹಿಡಿದಳು. ಅಪ್ಪ ಡ್ರಮ್ಮಿಗೆ ಮೆತ್ತಿದ ಎಣ್ಣೆ ಒರೆಸಿ ಲೈನರ್ ಕೂರಿಸಿದರು. ಓಣಿಯ ಕೊನೆಯವರೆಗೆ ಓಡಿಸಿ ಬ್ರೇಕ್ ತುಳಿದಾಗ ಜೀಪು ಗಕ್ಕನೆ ನಿಂತಿತು. ನಾವು ಖುಷಿಯಿಂದ ಕೂಗುತ್ತ ಹತ್ತಿದೆವು. ಮಸ್ಕಿಯ ಗುಡ್ಡ ಗಾಳಿಯಂತೆ ಹಿಂದೆ ಸರಿಯಿತು. ಲಿಂಗಸುಗೂರಿನಲ್ಲಿ ಜವಾನ ತನ್ನ ಹೆಸರು ಕೂಗುತ್ತಿದ್ದಾಗಲೇ ಅಕ್ಕ ಜೀಪಿನಿಂದ ಜಿಗಿದು ಒಳಗೆ ಓಡಿದಳು, ಅಂಗೈ ತುಂಬ ಮಸಿ. ಆ ಕೆಲಸ ಅವಳಿಗೇ ಸಿಕ್ಕಿತು.

ಮೊಮ್ಮಕ್ಕಳೇ, ನಿಮ್ಮ ಕಾರಿನಲ್ಲಿ ಬ್ರೇಕ್ ಪ್ಯಾಡ್ ಸವೆದರೆ ಒಂದು ಪುಟ್ಟ ದೀಪ ಹೊತ್ತಿ ಹೇಳುತ್ತದೆ. ಅಲ್ಲಿಗೆ ಯಾರ ಬೆರಳೂ ಹೋಗುವುದಿಲ್ಲ. ನಿನ್ನೆ ಲಿಂಗಸುಗೂರಿನವರೆಗೂ ನೀವಿಬ್ಬರು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಿರಿ. ನಿಮ್ಮಪ್ಪ ಎಷ್ಟು ಸಲ ಬ್ರೇಕ್ ಹಾಕಿದ ಎಂದು ನಿಮಗೆ ಗೊತ್ತಿಲ್ಲ. ಎಣಿಸುತ್ತಲೇ ಕೂತಿದ್ದ ನನಗೆ ಗೊತ್ತು: ಮೂವತ್ತೊಂದು ಸಲ.